ಜಾರ್ಜ್ ಇನ್, ಸದರ್ಕ್

ಜಾರ್ಜ್ ಇನ್ ಲಂಡನ್ನಿನ ಥೇಮ್ಸ್ ನದಿಯ ದಕ್ಷಿಣ ದಂಡೆಯ ಸದರ್ಕ್ ಪ್ರದೇಶದಲ್ಲಿರುವ ಹಳೆಯ ಪಬ್. ಬರೋ ಹೈ ಸ್ಟ್ರೀಟ್ ಎಂಬ ಪೇಟೆಬೀದಿಯ ಪೂರ್ವ ಮಗ್ಗುಲಿನಲ್ಲಿ, ಬೀದಿಯಿಂದ ಒಳಕ್ಕೆ ಸರಿದ ಒಂದು ಅಂಗಳದಲ್ಲಿ ನಿಂತಿದೆ. ಈಗಿರುವ ಕಟ್ಟಡ 1677ರದು. ಅದಕ್ಕೂ ಮೊದಲು, ಕಡೆಯ ಪಕ್ಷ 16ನೆಯ ಶತಮಾನದ ಮೊದಲರ್ಧದಿಂದ, ಇದೇ ಜಾಗದಲ್ಲಿ ಇದೇ ಹೆಸರಿನ ತಂಗುದಾಣವೊಂದಿತ್ತು. ಕುದುರೆಗಾಡಿಗಳ ಕಾಲದ ಲಂಡನ್ನಿನಲ್ಲಿ ಪ್ರಯಾಣಿಕರನ್ನೂ ಕುದುರೆಗಳನ್ನೂ ಸರಕನ್ನೂ ಒಟ್ಟಿಗೆ ಇಳಿಸಿಕೊಳ್ಳುತ್ತಿದ್ದ, ಅಂಗಳದ ಸುತ್ತ ಮರದ ಗ್ಯಾಲರಿಗಳಿದ್ದ ಇಂಥ ಇನ್‌ಗಳು ಅನೇಕ ಇದ್ದವು. ನಗರದಲ್ಲಿ ಈಗ ಉಳಿದಿರುವುದು ಇದೊಂದೇ. ಇದರಲ್ಲೂ ಉಳಿದಿರುವುದು ದಕ್ಷಿಣದ ಪಾರ್ಶ್ವ ಮಾತ್ರ. ಇಂಗ್ಲೆಂಡಿನ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಇದು ಮೊದಲ ದರ್ಜೆಯ ಕಟ್ಟಡ; 1937ರಿಂದ ನ್ಯಾಷನಲ್ ಟ್ರಸ್ಟ್‌ನ ಒಡೆತನದಲ್ಲಿದೆ.

ಜಾರ್ಜ್ ಇನ್ನಿನ ಬಗ್ಗೆ ಬರೆದವರೆಲ್ಲ ಷೇಕ್ಸ್‌ಪಿಯರ್ ಮತ್ತು ಡಿಕನ್ಸ್ ಹೆಸರಿನಿಂದಲೇ ಮಾತು ತೆಗೆಯುವುದು ವಾಡಿಕೆ. ಆದರೆ ಈ ಕಟ್ಟಡವನ್ನು ಕಟ್ಟಿದವರೂ ಉಳಿಸಿದವರೂ ಗುತ್ತಿಗೆ ಹಿಡಿದು ಇದನ್ನು ನಡೆಸಿದ ಸಾಮಾನ್ಯ ವ್ಯಾಪಾರಸ್ಥರು. ಹೆಸರಾಂತ ಅತಿಥಿಗಳು ಒಂದು ಸಂಜೆ ಬಂದು ಹೋದವರು. ಸುಟ್ಟುಹೋದ ಮೇಲೆ ಮತ್ತೆ ಕಟ್ಟಿಸಿದವರು, ಬಾಡಿಗೆ ತೆತ್ತವರು, ಲಾಯಗಳನ್ನು ಗುಡಿಸಿದವರು, ರೈಲು ಬಂದು ವ್ಯಾಪಾರ ಬತ್ತಿದಾಗಲೂ ಬಾಗಿಲು ಹಾಕದವರು ಬೇರೆಯೇ ಜನ. ಕಟ್ಟಡದ ಚರಿತ್ರೆಯನ್ನು ಅವರಿಂದ ಓದಿದರೇ ಸರಿಯಾಗಿ ಅರ್ಥವಾಗುತ್ತದೆ.

ಸೇತುವೆಯ ಬುಡದ ಬೀದಿ

ಬರೋ ಹೈ ಸ್ಟ್ರೀಟ್‌ನಲ್ಲಿ ಸಾಲುಸಾಲಾಗಿ ಇನ್‌ಗಳು ಹುಟ್ಟಿಕೊಂಡದ್ದಕ್ಕೆ ಲಂಡನ್ ಸೇತುವೆಯೇ ಕಾರಣ. 1750ರಲ್ಲಿ ವೆಸ್ಟ್‌ಮಿನ್‌ಸ್ಟರ್ ಸೇತುವೆ ತೆರೆಯುವವರೆಗೆ ನಗರದ ಭಾಗದಲ್ಲಿ ಥೇಮ್ಸ್ ದಾಟಲು ಇದ್ದ ಸೇತುವೆ ಅದೊಂದೇ. ಕೆಂಟ್, ಸಸೆಕ್ಸ್, ಸರ್ರೆ ಸೀಮೆಗಳಿಂದ, ಡೋವರ್ ಬಂದರಿನಿಂದ ಬರುವ ಹಾದಿಗಳೆಲ್ಲ ಆ ಸೇತುವೆಯ ದಕ್ಷಿಣದ ತುದಿಗೆ ಬಂದು ಸೇರುತ್ತಿದ್ದವು. ಸೇತುವೆ ಇಕ್ಕಟ್ಟು, ಅದರ ಮೇಲೂ ಮನೆಗಳು. ರಾತ್ರಿ ಅದರ ಹೆಬ್ಬಾಗಿಲು ಮುಚ್ಚುತ್ತಿತ್ತು. ಹೊತ್ತು ಮೀರಿ ಬಂದವರಿಗೆ ಸದರ್ಕ್‌ನಲ್ಲೇ ತಂಗುವುದು ಬಿಟ್ಟರೆ ದಾರಿಯಿರಲಿಲ್ಲ. ಸರಕಿನ ಬಂಡಿಗಳವರು ಸೇತುವೆಯ ನೂಕುನುಗ್ಗಲಿಗೆ ಸಿಕ್ಕದೆ ಇಲ್ಲಿಯೇ ಮಾಲು ಇಳಿಸಿ ಊರಿಗೆ ಮರಳುತ್ತಿದ್ದರು.

ಇದಕ್ಕೆ ಯಾತ್ರಿಕರೂ ಸೇರಿಕೊಂಡರು. 1170ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ಕೊಲೆಯಾದ ಮೇಲೆ ಅವರ ಸಮಾಧಿ ದೊಡ್ಡ ಯಾತ್ರಾಸ್ಥಳವಾಯಿತು. ಲಂಡನ್ನಿನಿಂದ ಹೊರಟವರು ಗುಂಪು ಕೂಡುತ್ತಿದ್ದದ್ದು ಈ ಬೀದಿಯಲ್ಲಿ. ಚಾಸರ್ ಕವಿ ತನ್ನ 'ಕ್ಯಾಂಟರ್ಬರಿ ಟೇಲ್ಸ್' ಕಾವ್ಯದ ಯಾತ್ರಿಕರನ್ನು ಹೊರಡಿಸಿದ ಟ್ಯಾಬರ್ಡ್ ಇನ್, ಜಾರ್ಜ್‌ನ ಪಕ್ಕದ ಅಂಗಳದಲ್ಲಿತ್ತು. ಇನ್ನೊಂದು ಮಗ್ಗುಲಿಗೆ ವೈಟ್ ಹಾರ್ಟ್: 1450ರ ದಂಗೆಯ ನಾಯಕ ಜ್ಯಾಕ್ ಕೇಡ್ ಬೀಡುಬಿಟ್ಟ ಜಾಗ. ಅನತಿ ದೂರದ ಕ್ವೀನ್ಸ್ ಹೆಡ್, ಜಾನ್ ಹಾರ್ವರ್ಡ್‌ನ ಕುಟುಂಬದ ಆಸ್ತಿ. 1607ರಲ್ಲಿ ಸದರ್ಕ್‌ನಲ್ಲಿ ದೀಕ್ಷಾಸ್ನಾನ ಪಡೆದ ಈತನ ಹೆಸರನ್ನೇ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಹೊತ್ತಿದೆ. 1598ರಲ್ಲಿ ಲಂಡನ್ನಿನ ವರ್ಣನೆ ಬರೆದ ಜಾನ್ ಸ್ಟೋ ಈ ಬೀದಿಯ ಒಳ್ಳೆಯ ಇನ್‌ಗಳನ್ನು ಪಟ್ಟಿ ಮಾಡುವಾಗ ಇವುಗಳ ಜೊತೆಯಲ್ಲಿ ಜಾರ್ಜ್‌ನ ಹೆಸರನ್ನೂ ಬರೆದಿದ್ದಾನೆ. ನೆರೆಹೊರೆಯವುಗಳಿಗಿದ್ದ ಕಥೆಗಳು ಆಗ ಜಾರ್ಜ್‌ಗೆ ಇರಲಿಲ್ಲ. ಅದು ಸಾಲಿನಲ್ಲಿ ಒಂದಾಗಿತ್ತು, ಅಷ್ಟೆ.

ಸದರ್ಕ್, ಲಂಡನ್ ನಗರಸಭೆಯ ಬಿಗಿ ಆಡಳಿತದಿಂದ ಬಹುಮಟ್ಟಿಗೆ ಹೊರಗಿತ್ತು. ನಗರದೊಳಗೆ ಆಸ್ಪದವಿಲ್ಲದ ನಾಟಕಶಾಲೆ, ಕರಡಿ ಕಾಳಗ, ವೇಶ್ಯಾಗೃಹಗಳಿಗೆ ಇಲ್ಲಿ ಜಾಗವಿತ್ತು. ಮಾರ್ಷಲ್‌ಸೀ, ಕಿಂಗ್ಸ್ ಬೆಂಚ್, ಕ್ಲಿಂಕ್‌ನಂಥ ಸೆರೆಮನೆಗಳೂ ಇದ್ದವು. ಷೇಕ್ಸ್‌ಪಿಯರನ ಗ್ಲೋಬ್ ರಂಗಮಂದಿರ 1599ರಲ್ಲಿ ಎದ್ದದ್ದು ಜಾರ್ಜ್‌ನಿಂದ ನಡೆದುಹೋಗುವಷ್ಟು ಹತ್ತಿರದಲ್ಲಿ.

ಹಳೆಯ ಇನ್ನಿನ ಜನ

ಬೆಂಕಿಗೆ ಮೊದಲಿನ ಜಾರ್ಜ್‌ನಿಂದ ನಮಗೆ ಸಿಕ್ಕಿರುವುದು ಚೂರುಪಾರು ಸಂಗತಿಗಳು. ಅವುಗಳಲ್ಲಿ ಒಂದು ಲೋಹದ ಬಿಲ್ಲೆ. 17ನೆಯ ಶತಮಾನದ ನಡುವೆ ಇಂಗ್ಲೆಂಡಿನಲ್ಲಿ ಚಿಲ್ಲರೆ ನಾಣ್ಯಕ್ಕೆ ಬರ ಬಂತು. ಅಂತರ್ಯುದ್ಧ ಮುಗಿದು ರಾಜನ ತಲೆ ಹೋಗಿತ್ತು. ಟಂಕಸಾಲೆಗೆ ಕಾಸುಗಳ ಕಡೆ ಗಮನವಿರಲಿಲ್ಲ. ಆಗ ಅಂಗಡಿಯವರು, ಪಬ್‌ನವರು ತಮ್ಮ ಹೆಸರೊತ್ತಿದ ಪುಟ್ಟ ಬಿಲ್ಲೆಗಳನ್ನು ತಾವೇ ಮಾಡಿಸಿ ಗಿರಾಕಿಗಳಿಗೆ ಚಿಲ್ಲರೆಯಾಗಿ ಕೊಡುತ್ತಿದ್ದರು. ಆ ಬಿಲ್ಲೆ ಅದೇ ಅಂಗಡಿಯಲ್ಲಿ, ಹೆಚ್ಚೆಂದರೆ ಅದೇ ಬೀದಿಯಲ್ಲಿ ನಡೆಯುತ್ತಿತ್ತು. ಅಂಥ ಒಂದರ ಮೇಲೆ ಸದರ್ಕ್‌ನ ಜಾರ್ಜ್‌ನ ಹೆಸರೂ ಅಲ್ಲಿ ಪೀಪಾಯಿಯಿಂದ ಬಿಯರ್ ಬಗ್ಗಿಸಿ ಕೊಡುತ್ತಿದ್ದ ಆಂಥನಿ ಬ್ಲೇಕ್ ಎಂಬಾತನ ಹೆಸರೂ ಇದೆ. ಇನ್ನಿನ ಯಜಮಾನನಲ್ಲ, ಬಿಯರ್ ಬಗ್ಗಿಸುವವನು. ಚಾಕರಿಯ ಜನ ದಾಖಲೆಗಳಲ್ಲಿ ಹೆಸರಿಲ್ಲದೆ ಕಳೆದುಹೋಗುವ ಕಾಲದಲ್ಲಿ ತನ್ನ ಹೆಸರನ್ನು ತಾನೇ ಲೋಹಕ್ಕೆ ಒತ್ತಿಸಿಕೊಂಡ ಈ ಮನುಷ್ಯನನ್ನು ಜಾರ್ಜ್‌ನ ಚರಿತ್ರೆಯಲ್ಲಿ ಯಾವ ಕವಿಗಿಂತಲೂ ಮುಂದೆ ಕೂರಿಸಬೇಕು.

ಕವಿಗಳಿಂದ ಆಗ ಈ ಇನ್ನಿಗೆ ಸಿಕ್ಕಿದ್ದು ಬೈಗುಳವೇ. 1650ರ ದಶಕದಲ್ಲಿ ಅಚ್ಚಾದ 'ಮ್ಯೂಸಾರಮ್ ಡೆಲಿಸಿಯೇ' ಎಂಬ ಸಂಕಲನದಲ್ಲಿ, ಸದರ್ಕ್‌ನ ಜಾರ್ಜ್‌ನಲ್ಲಿ ಕೆಟ್ಟ ಮದ್ಯ ಕುಡಿದು ಹೊಟ್ಟೆ ಕೆಡಿಸಿಕೊಂಡವನ ಪದ್ಯವೊಂದಿದೆ.

ಅಂಗಳದಲ್ಲಿ ಷೇಕ್ಸ್‌ಪಿಯರನ ಕಾಲದಲ್ಲಿ ನಾಟಕಗಳು ನಡೆದವೆಂಬ ಮಾತು ಬಹಳ ಪ್ರಚಾರದಲ್ಲಿದೆ. ಗ್ಯಾಲರಿಗಳಿರುವ ಇನ್‌ಗಳ ಅಂಗಳದಲ್ಲಿ ನಾಟಕವಾಡುವ ಪದ್ಧತಿ ಇದ್ದದ್ದು ನಿಜ. ನದಿಯಾಚೆ ನಗರದೊಳಗಿನ ಬುಲ್, ಬೆಲ್, ಕ್ರಾಸ್ ಕೀಸ್, ಬೆಲ್ ಸ್ಯಾವೇಜ್ ಇನ್‌ಗಳಲ್ಲಿ ನಡೆದ ಪ್ರದರ್ಶನಗಳಿಗೆ ಗಟ್ಟಿ ದಾಖಲೆಗಳಿವೆ; ಜಾರ್ಜ್‌ಗೆ ಅಂಥವಿಲ್ಲ. ಷೇಕ್ಸ್‌ಪಿಯರ್ ಜಾರ್ಜ್‌ಗೆ ಬಂದು ಕುಡಿದಿರಬಹುದು, ಅದು ಊಹೆ. ಆದರೆ ಆತ ತೀರಿಕೊಂಡದ್ದು 1616ರಲ್ಲಿ. ಇಂದು ಪ್ರವಾಸಿಗರು ಕೈಯಿಟ್ಟು ಮುಟ್ಟುವ ಮರದ ಕಂಬಗಳು ನಿಂತದ್ದು ಅದಾಗಿ 61 ವರ್ಷಗಳ ಮೇಲೆ. 2012ರಲ್ಲಿ ಪೀಟ್ ಬ್ರೌನ್ ಈ ಪಬ್‌ನ ಚರಿತ್ರೆ ಬರೆದಾಗಲೂ ಪುಸ್ತಕಕ್ಕೆ ಕೊಟ್ಟ ಹೆಸರು 'ಷೇಕ್ಸ್‌ಪಿಯರ್ಸ್ ಲೋಕಲ್'. ಆ ಒಂದು ಹೆಸರಿನ ಸೆಳೆತ ಅಂಥದು.

ಬೆಂಕಿ ಮತ್ತು ಮರುಕಟ್ಟಡ

1666ರ ಲಂಡನ್ ಮಹಾದಹನ ನದಿ ದಾಟಿ ದಕ್ಷಿಣಕ್ಕೆ ಬರಲಿಲ್ಲ. ಸದರ್ಕ್‌ಗೆ ತನ್ನದೇ ಬೆಂಕಿಗಳು ಬಂದವು. 1670ರಲ್ಲಿ ಜಾರ್ಜ್‌ನ ಒಂದು ಭಾಗ ಸುಟ್ಟಿತು. ಅದನ್ನು ಸರಿಪಡಿಸಿ ಉಸಿರು ಬಿಡುವಷ್ಟರಲ್ಲಿ, 1676ರ ಮೇ 26ರಂದು ಹತ್ತಿದ ಬೆಂಕಿ ಬೀದಿಯ ನೂರಾರು ಮನೆಗಳನ್ನು ನುಂಗಿತು. ಟ್ಯಾಬರ್ಡ್, ವೈಟ್ ಹಾರ್ಟ್, ಜಾರ್ಜ್ ಎಲ್ಲವೂ ಹೋದವು.

ಆಗ ಜಾರ್ಜ್ ನಡೆಸುತ್ತಿದ್ದವನು ಮಾರ್ಕ್ ವೇಲ್ಯಾಂಡ್. ಆಸ್ತಿ ಇನ್ನೊಬ್ಬರದು, ಇವನದು ಗುತ್ತಿಗೆ. ಅಂದಿನ ಗುತ್ತಿಗೆ ಕರಾರುಗಳಲ್ಲಿ ಕಟ್ಟಡದ ದುರಸ್ತಿ ಸಾಮಾನ್ಯವಾಗಿ ಗುತ್ತಿಗೆದಾರನ ತಲೆಯ ಮೇಲಿರುತ್ತಿತ್ತು. ಬೆಂಕಿಯಲ್ಲಿ ಎಲ್ಲ ಕಳೆದುಕೊಂಡವನೇ ಮತ್ತೆ ಕಟ್ಟಿಸಿಕೊಡಬೇಕು, ಬಾಡಿಗೆಯನ್ನೂ ಕೊಡಬೇಕು. ಹೀಗಾದರೆ ಸುಟ್ಟ ಊರು ಮತ್ತೆ ಏಳುವುದಿಲ್ಲವೆಂದು ಲಂಡನ್ ದಹನದ ಕಾಲಕ್ಕೇ ಗೊತ್ತಾಗಿತ್ತು. ಸದರ್ಕ್‌ಗೂ ಪಾರ್ಲಿಮೆಂಟ್ ಒಂದು ವಿಶೇಷ ನ್ಯಾಯಾಲಯವನ್ನು ಏರ್ಪಡಿಸಿತು: ಒಡೆಯ ಮತ್ತು ಗುತ್ತಿಗೆದಾರರ ನಡುವೆ ಯಾರು ಎಷ್ಟು ಹೊರಬೇಕೆಂದು ತೀರ್ಮಾನಿಸುವುದಕ್ಕೆ. ಕಟ್ಟುವ ಖರ್ಚು ಹೊತ್ತವರಿಗೆ ಬಾಡಿಗೆಯನ್ನು ಇಳಿಸುವುದು, ಗುತ್ತಿಗೆಯ ಅವಧಿಯನ್ನು ಬೆಳೆಸುವುದು ರೂಢಿಯಾಯಿತು. ವೇಲ್ಯಾಂಡ್‌ನ ಬಾಡಿಗೆಯೂ ಇಳಿಯಿತು; ಅವನು ಕಟ್ಟಿಸಿದ. 1677ರ ಜಾರ್ಜ್, ಅಂದರೆ ಇವತ್ತಿನ ಮೊದಲ ದರ್ಜೆಯ ಪಾರಂಪರಿಕ ಕಟ್ಟಡ, ಎರಡು ಬಾರಿ ಸುಟ್ಟುಕೊಂಡ ಒಬ್ಬ ಗುತ್ತಿಗೆದಾರನ ಹಟದ ಫಲ.

ಅವನು ಹೊಸ ಮಾದರಿಯನ್ನು ಹುಡುಕಿಕೊಂಡು ಹೋಗಲಿಲ್ಲ. ನದಿಯಾಚೆಯ ನಗರ ಇಟ್ಟಿಗೆಗೆ ಒಲಿಯುತ್ತಿದ್ದಾಗ ಜಾರ್ಜ್‌ನ ಅಂಗಳದ ಸುತ್ತ ಮತ್ತೆ ಹಳೆಯ ಕ್ರಮದ ಮರದ ಗ್ಯಾಲರಿಗಳೇ ಎದ್ದವು. ಅದಕ್ಕೆ ಒಳ್ಳೆಯ ಕಾರಣವಿತ್ತು. ನಮ್ಮ ತೊಟ್ಟಿಮನೆಯಲ್ಲಿ ಎಲ್ಲ ಕೋಣೆಗಳೂ ನಡುವಿನ ತೊಟ್ಟಿಗೆ ಮುಖಮಾಡಿರುವ ಹಾಗೆ ಇಲ್ಲಿ ಮೊದಲ ಮತ್ತು ಎರಡನೆಯ ಮಹಡಿಯ ಮಲಗುಕೋಣೆಗಳ ಬಾಗಿಲುಗಳೆಲ್ಲ ಅಂಗಳದ ಮೇಲಿನ ಗ್ಯಾಲರಿಗೆ ತೆರೆಯುತ್ತವೆ. ಕಟ್ಟಡದ ಒಳಗೆ ಓಡಾಡಲು ಬೇರೆ ಓಣಿ ಬೇಡ. ಜಾಗವೆಲ್ಲ ಕೋಣೆಗಳಿಗೇ ಸಿಗುತ್ತದೆ. ಅತಿಥಿ ಬಾಗಿಲಾಚೆ ಒಂದು ಹೆಜ್ಜೆಯಿಟ್ಟು ಕಟಾಂಜನದ ಮೇಲಿಂದ ಬಗ್ಗಿದರೆ ತನ್ನ ಗಾಡಿ, ಕುದುರೆ, ಪೆಟ್ಟಿಗೆ ಕಣ್ಣಿಗೆ ಬೀಳುತ್ತವೆ. ಬೀದಿಯ ಕಡೆಗೆ ಬಂಡಿ ನುಗ್ಗುವಷ್ಟು ಅಗಲದ ದಾರಿ ಮಾತ್ರ. ಬೆಲೆಯುಳ್ಳ ಬೀದಿಮುಖವನ್ನು ಅಂಗಡಿಗಳಿಗೆ ಬಿಟ್ಟು ಇನ್ ಹಿಂದಕ್ಕೆ ಉದ್ದವಾಗಿ ಬೆಳೆಯುತ್ತಿತ್ತು. ಹಿಂಭಾಗದಲ್ಲಿ ಲಾಯಗಳು, ಹುಲ್ಲಿನ ಕೊಟ್ಟಿಗೆ, ಗೋದಾಮು.

ಕೋಚುಗಳ ಕಾಲ

18ನೆಯ ಶತಮಾನ ಜಾರ್ಜ್‌ನ ಹುಲುಸಾದ ಕಾಲ. 1720ರಲ್ಲಿ ಸ್ಟೋನ ಗ್ರಂಥವನ್ನು ಹಿಗ್ಗಿಸಿ ಪ್ರಕಟಿಸಿದ ಜಾನ್ ಸ್ಟ್ರೈಪ್ ಇದನ್ನು ಬಹು ದೊಡ್ಡದು, ವ್ಯಾಪಾರ ಜೋರು ಎಂಬರ್ಥದಲ್ಲಿ ವರ್ಣಿಸಿದ್ದಾನೆ. ಕೋಚು ಎಂಬ ಕುದುರೆಗಾಡಿಗಳಲ್ಲಿ ಜನ ಬರುತ್ತಿದ್ದರು. ಆದರೆ ಇನ್ನಿನ ಅನ್ನ ಬೇಯಿಸಿದ್ದು ಜನರಷ್ಟೇ ಸರಕಿನ ಬಂಡಿಗಳು. ಯಾವ ಊರಿನ ಬಂಡಿ ವಾರದ ಯಾವ ದಿನ ಯಾವ ಇನ್ನಿಗೆ ಬರುತ್ತದೆಂದು ತಿಳಿಸುವ ಕೈಪಿಡಿಯನ್ನು ಜಾನ್ ಟೇಲರ್ ಎಂಬಾತ 1637ರಷ್ಟು ಹಿಂದೆಯೇ ಅಚ್ಚುಹಾಕಿಸಿದ್ದ. ಊರಿಗೆ ಕಾಗದವನ್ನೋ ಬಟ್ಟೆಯ ಗಂಟನ್ನೋ ಕಳಿಸಬೇಕಾದವರು ಆ ಪ್ರಕಾರ ಇನ್ನಿನ ಅಂಗಳಕ್ಕೆ ಹೋಗಿ ಬಂಡಿಯವನ ಕೈಗೆ ಕೊಡುತ್ತಿದ್ದರು. ಅಂಚೆ ಕಚೇರಿ, ಬಸ್ ನಿಲ್ದಾಣ, ಲಾರಿ ಆಫೀಸು, ವಸತಿಗೃಹ ಈಗ ಹಂಚಿಕೊಂಡಿರುವ ಕೆಲಸವನ್ನೆಲ್ಲ ಆಗ ಇನ್ ಒಂದೇ ಮಾಡುತ್ತಿತ್ತು.

ಈ ಬೀದಿಗೆ ಬರುತ್ತಿದ್ದ ಸರಕಿನಲ್ಲಿ ಬಿಯರಿಗೆ ಕಹಿಯನ್ನೂ ಬಾಳಿಕೆಯನ್ನೂ ಕೊಡುವ ಹಾಪ್ಸ್ ಹೂವಿನದೇ ದೊಡ್ಡ ಪಾಲು. ಕೆಂಟ್‌ನ ತೋಟಗಳಲ್ಲಿ ಕೊಯ್ದು ಒಣಗಿಸಿದ ಹಾಪ್ಸ್ ಉದ್ದುದ್ದ ಚೀಲಗಳಲ್ಲಿ ಸದರ್ಕ್‌ಗೆ ಬರುತ್ತಿತ್ತು. ಅದರ ವ್ಯಾಪಾರ ಇಡೀ ಪ್ರದೇಶಕ್ಕೆ ಹಬ್ಬಿ, 1867ರಲ್ಲಿ ಹಾಪ್ ಎಕ್ಸ್‌ಚೇಂಜ್ ಎಂಬ ಭವ್ಯ ವಹಿವಾಟು ಮಂದಿರವೇ ಸಮೀಪದಲ್ಲಿ ಎದ್ದಿತು.

ನೆಲಮಹಡಿಯಲ್ಲಿ ಬೀದಿಗೆ ಹತ್ತಿರವಿರುವ ಕೋಣೆ ಕೋಚಿಗಾಗಿ ಕಾದು ಕೂರುವವರದಾಗಿತ್ತು. ಅಲ್ಲಿ ತೂಗಿರುವ ಗೋಡೆ ಗಡಿಯಾರದ ಮುಖ ಅಗಲವಾಗಿದೆ, ದೂರದಿಂದಲೂ ಓದಬಹುದು. ಇಂಥವನ್ನು 'ಪಾರ್ಲಿಮೆಂಟ್ ಗಡಿಯಾರ' ಎನ್ನುತ್ತಾರೆ. 1797ರಲ್ಲಿ ಪ್ರಧಾನಿ ವಿಲಿಯಂ ಪಿಟ್, ಫ್ರಾನ್ಸ್ ಜೊತೆಗಿನ ಯುದ್ಧದ ಖರ್ಚಿನ ಒತ್ತಡದಲ್ಲಿ, ಗಡಿಯಾರಗಳ ಮೇಲೆ ತೆರಿಗೆ ಹಾಕಿದ: ಮನೆಯ ಗಡಿಯಾರಕ್ಕೆ ವರ್ಷಕ್ಕೆ 5 ಷಿಲಿಂಗ್, ಚಿನ್ನದ ಜೇಬುಗಡಿಯಾರಕ್ಕೆ 10 ಷಿಲಿಂಗ್. ಜನ ಗಡಿಯಾರ ಇಟ್ಟುಕೊಳ್ಳುವುದನ್ನೇ ಬಿಟ್ಟು ಹೊತ್ತು ನೋಡಲು ಪಬ್‌ಗೆ ಬರತೊಡಗಿದರು, ಪಬ್‌ನವರು ದೊಡ್ಡ ಗಡಿಯಾರ ತೂಗುಹಾಕಿದರು ಎಂಬುದು ಪ್ರಸಿದ್ಧ ಕಥೆ. ಗಡಿಯಾರ ಮಾಡುವವರ ಕೂಗಿಗೆ ಮಣಿದು 1798ರಲ್ಲೇ ತೆರಿಗೆ ರದ್ದಾಯಿತು. ವಾಸ್ತವದಲ್ಲಿ ಈ ಬಗೆಯ ಗಡಿಯಾರಗಳು ತೆರಿಗೆಗಿಂತ ದಶಕಗಳ ಹಿಂದೆಯೇ ಇನ್‌ಗಳಲ್ಲಿ ಇದ್ದವು. ಕೋಚುಗಳು ಹೊತ್ತಿಗೆ ಸರಿಯಾಗಿ ಹೊರಡುವ ಜಾಗದಲ್ಲಿ ಗಡಿಯಾರಕ್ಕೆ ಬೇರೆ ಕಾರಣ ಬೇಕಿರಲಿಲ್ಲ.

ಅದರ ಪಕ್ಕದ ಕೋಣೆ ಕಾಫಿ ರೂಮ್. ಚಾರ್ಲ್ಸ್ ಡಿಕನ್ಸ್ ಬಂದು ಕೂರುತ್ತಿದ್ದದ್ದು ಇಲ್ಲಿ ಎನ್ನುತ್ತಾರೆ. ಆತನಿಗೂ ಈ ಬೀದಿಗೂ ಇದ್ದ ನಂಟು ಗಾಢವಾದದ್ದು, ನೋವಿನದೂ ಹೌದು. 1824ರಲ್ಲಿ ತಂದೆ ಸಾಲ ತೀರಿಸಲಾಗದೆ ಬರೋ ಹೈ ಸ್ಟ್ರೀಟ್‌ನ ಮಾರ್ಷಲ್‌ಸೀ ಸೆರೆಮನೆ ಸೇರಿದಾಗ 12 ವರ್ಷದ ಹುಡುಗ ಹತ್ತಿರದ ಲ್ಯಾಂಟ್ ಸ್ಟ್ರೀಟ್‌ನ ಕೋಣೆಯೊಂದರಲ್ಲಿದ್ದು ಬೂಟುಪಾಲಿಷ್ ಕಾರ್ಖಾನೆಗೆ ಕೂಲಿಗೆ ಹೋಗುತ್ತಿದ್ದ. ಆ ಸೆರೆಮನೆಯನ್ನೇ ನಡುವಿಟ್ಟು ಬರೆದ 'ಲಿಟಲ್ ಡಾರಿಟ್' ಕಾದಂಬರಿಯಲ್ಲಿ ಜಾರ್ಜ್‌ನ ಹೆಸರು ಬರುತ್ತದೆ. 'ಪಿಕ್‌ವಿಕ್ ಪೇಪರ್ಸ್'ನಲ್ಲಿ ಸ್ಯಾಮ್ ವೆಲ್ಲರ್ ಮೊದಲು ಕಾಣಿಸಿಕೊಳ್ಳುವುದು ಮಾತ್ರ ಪಕ್ಕದ ವೈಟ್ ಹಾರ್ಟ್‌ನ ಅಂಗಳದಲ್ಲಿ. ವೈಟ್ ಹಾರ್ಟ್ ನೆಲಸಮವಾದ ಮೇಲೆ ಓದುಗರು ಆ ದೃಶ್ಯವನ್ನು ಕಲ್ಪಿಸಿಕೊಳ್ಳಲು ಜಾರ್ಜ್‌ಗೆ ಬರತೊಡಗಿದರು. ಪಕ್ಕದ ಮನೆಯ ಕೀರ್ತಿ ಹೀಗೆ ಉಳಿದ ಮನೆಗೆ ಬಂತು.

ಆಸ್ಪತ್ರೆ, ರೈಲು, ಕೆಡವುವಿಕೆ

1836ರ ಡಿಸೆಂಬರಿನಲ್ಲಿ ಲಂಡನ್ ಬ್ರಿಜ್ ರೈಲು ನಿಲ್ದಾಣ ತೆರೆಯಿತು, ಜಾರ್ಜ್‌ನಿಂದ ಕೂಗಳತೆಯಲ್ಲಿ. 1844ರಲ್ಲಿ ರೈಲು ಡೋವರ್ ಮುಟ್ಟಿತು. ಕೆಂಟ್ ಕಡೆಯ ಕೋಚುಗಳಿಗೆ ಅಲ್ಲಿಗೆ ಕೆಲಸ ಮುಗಿಯಿತು. ಅಷ್ಟು ದೊಡ್ಡ ಅಂಗಳ, ಅಷ್ಟು ಲಾಯ, ಅಷ್ಟೊಂದು ಮಲಗುಕೋಣೆಗಳು ಇದ್ದಕ್ಕಿದ್ದಂತೆ ಭಾರವಾದವು. 1849ರಲ್ಲಿ ಆಸ್ತಿಯನ್ನು ಹಿಂಬದಿಯ ಗೈಸ್ ಆಸ್ಪತ್ರೆ ಕೊಂಡುಕೊಂಡಿತು. ಪುಸ್ತಕ ವ್ಯಾಪಾರಿ ಥಾಮಸ್ ಗೈನ ಸಂಪತ್ತಿನಿಂದ 1720ರ ದಶಕದಲ್ಲಿ ಸ್ಥಾಪನೆಯಾದ ಆ ಆಸ್ಪತ್ರೆ ಸುತ್ತಲಿನ ಜಮೀನನ್ನು ಸೇರಿಸಿಕೊಳ್ಳುತ್ತ ಬೆಳೆಯುತ್ತಿತ್ತು. ಪಬ್ ಮಾತ್ರ ಗುತ್ತಿಗೆಯ ಮೇಲೆ ನಡೆಯುತ್ತಲೇ ಇತ್ತು.

1874ರಲ್ಲಿ ಆಸ್ಪತ್ರೆ ಅದನ್ನು ಗ್ರೇಟ್ ನಾರ್ದರ್ನ್ ರೈಲ್ವೆ ಕಂಪನಿಗೆ ಮಾರಿತು. ಆ ಕಂಪನಿಯ ಮುಖ್ಯ ನಿಲ್ದಾಣ ನದಿಯಾಚೆ ಉತ್ತರದ ಕಿಂಗ್ಸ್ ಕ್ರಾಸ್‌ನಲ್ಲಿ. ದಕ್ಷಿಣ ದಂಡೆಯ ಸರಕನ್ನು ಕಲೆಹಾಕಲು ಅದಕ್ಕೊಂದು ನೆಲೆ ಬೇಕಿತ್ತು. ಬಂಡಿ ತಿರುಗುವಷ್ಟು ಅಂಗಳವಿರುವ ಹಳೆಯ ಇನ್‌ಗಿಂತ ಅನುಕೂಲದ ಜಾಗ ಇನ್ನಾವುದು? ಕೋಚುಗಳನ್ನು ಮುಗಿಸಿದ ರೈಲೇ ಕೋಚುಗಳ ಅಂಗಳಕ್ಕೆ ಒಡೆಯನಾಯಿತು. 1889ರಲ್ಲಿ ಗೋದಾಮುಗಳಿಗಾಗಿ ಕಂಪನಿ ಅಂಗಳದ ಉತ್ತರದ ಮತ್ತು ನಡುವಿನ ಪಾರ್ಶ್ವಗಳನ್ನು ಕೆಡವಿತು. ವೈಟ್ ಹಾರ್ಟ್ ಬಿದ್ದದ್ದೂ ಅದೇ ವರ್ಷ. ಟ್ಯಾಬರ್ಡ್ ಅದಕ್ಕೂ ಮೊದಲು 1870ರ ದಶಕದಲ್ಲೇ ಹೋಗಿತ್ತು. ವಿಲಿಯಂ ರೆಂಡಲ್ ಮತ್ತು ಫಿಲಿಪ್ ನಾರ್ಮನ್ 1888ರಲ್ಲಿ ಸದರ್ಕ್‌ನ ಹಳೆಯ ಇನ್‌ಗಳ ಚರಿತ್ರೆಯನ್ನು ಪ್ರಕಟಿಸಿದ್ದು ಈ ಕೆಡವುವಿಕೆಯ ನಡುವೆಯೇ. ಅವರು ಬರೆದಿಡದಿದ್ದರೆ ಆ ಬೀದಿಯ ಎಷ್ಟೋ ಹೆಸರುಗಳು ಕಲ್ಲುಮಣ್ಣಿನ ಜೊತೆಯೇ ಹೋಗುತ್ತಿದ್ದವು.

ದಕ್ಷಿಣದ ಪಾರ್ಶ್ವ ಉಳಿದದ್ದು ಅದರಲ್ಲಿ ಪಬ್ ಇನ್ನೂ ನಡೆಯುತ್ತಿದ್ದದ್ದರಿಂದ. ಪಾರಂಪರಿಕ ಕಾಳಜಿ ಆಗ ಯಾವ ಕಾನೂನಿನಲ್ಲೂ ಈ ಕಟ್ಟಡಕ್ಕೆ ರಕ್ಷಣೆ ಕೊಟ್ಟಿರಲಿಲ್ಲ. ಮುರ್ರೆ ಮನೆತನದ ಹೆಂಗಸರ ಪಾತ್ರ ಇಲ್ಲಿ ದೊಡ್ಡದು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೇಲಿಯಾ ಮುರ್ರೆ, ಅವರ ನಂತರ ಮಗಳು ಆಗ್ನೆಸ್ ಮುರ್ರೆ 1930ರ ದಶಕದವರೆಗೂ ಜಾರ್ಜ್ ನಡೆಸಿದರು. ರೈಲ್ವೆಗೆ ಬೇಕಾಗಿದ್ದದ್ದು ಅಂಗಳ. ಇನ್ನನ್ನು ಇನ್ನಾಗಿಯೇ ಇಟ್ಟದ್ದು ಇವರು. ಡಿಕನ್ಸ್ ಅಭಿಮಾನಿಗಳು ಇಲ್ಲಿ ಸೇರತೊಡಗಿದ್ದು ಇವರ ಕಾಲದಲ್ಲಿ. 'ಡಿಕನ್ಸಿಯನ್' ಪತ್ರಿಕೆಯ ಸಂಪಾದಕ ಬಿ. ಡಬ್ಲ್ಯು. ಮ್ಯಾಟ್ಜ್ 1918ರಲ್ಲಿ ಜಾರ್ಜ್ ಇನ್ ಕುರಿತೇ ಒಂದು ಪುಸ್ತಕ ಹೊರತಂದ. ಕೆಡವುವ ಮಾತೆತ್ತಲು ಮುಂದೆ ಯಾರಿಗೂ ಸುಲಭವಾಗಲಿಲ್ಲ.

ಟ್ರಸ್ಟ್ ಮತ್ತು ಪಟ್ಟಿ

1923ರ ವಿಲೀನದಲ್ಲಿ ಗ್ರೇಟ್ ನಾರ್ದರ್ನ್ ಕಂಪನಿ ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆಯ ಭಾಗವಾಯಿತು. ಈ ಹೊಸ ಕಂಪನಿ 1937ರಲ್ಲಿ ಜಾರ್ಜ್ ಇನ್ನನ್ನು ನ್ಯಾಷನಲ್ ಟ್ರಸ್ಟ್‌ಗೆ ದಾನವಾಗಿ ಕೊಟ್ಟಿತು. ಐತಿಹಾಸಿಕ ತಾಣಗಳನ್ನೂ ನಿಸರ್ಗವನ್ನೂ ಕಾಪಾಡಲು 1895ರಲ್ಲಿ ಹುಟ್ಟಿದ ಟ್ರಸ್ಟ್ ಅದು. ಎರಡನೆಯ ಮಹಾಯುದ್ಧದ ಬಳಿಕ, 1947ರ ನಗರ ಯೋಜನಾ ಕಾಯಿದೆಯಡಿ ಇಂಗ್ಲೆಂಡಿನಲ್ಲಿ ಪಾರಂಪರಿಕ ಕಟ್ಟಡಗಳ ಪಟ್ಟಿ ಕ್ರಮಬದ್ಧವಾಗಿ ಬೆಳೆಯಿತು. ಪಟ್ಟಿಯಲ್ಲಿರುವ ಕಟ್ಟಡಗಳಲ್ಲಿ ಮೊದಲ ದರ್ಜೆ ಸಿಗುವುದು ನೂರಕ್ಕೆ ಸುಮಾರು 2.5ಕ್ಕೆ ಮಾತ್ರ, ಅಲ್ಲಿ ಕೆತೆಡ್ರಲ್‌ಗಳೂ ಅರಮನೆಗಳೂ ಹೆಚ್ಚು, ಪಬ್‌ಗಳು ಬೆರಳೆಣಿಕೆಯಷ್ಟು. ಈ ದರ್ಜೆಯ ಕಟ್ಟಡದ ಸ್ವರೂಪ ಬದಲಾಗುವಂಥ ಯಾವ ಕೆಲಸಕ್ಕೂ, ಹೊರಗಾಗಲಿ ಒಳಗಾಗಲಿ, ಮುಂಚಿತ ಅನುಮತಿ ಬೇಕು.

ಒಡೆತನ ಟ್ರಸ್ಟ್‌ನದಾದರೂ ಪಬ್ ನಡೆಯುವುದು ಗುತ್ತಿಗೆಯ ಮೇಲೆಯೇ. ವೇಲ್ಯಾಂಡ್‌ನ ಕಾಲದಿಂದ ಬಂದ ಆ ಏರ್ಪಾಡು ಬದಲಾಗಿಲ್ಲ. ಇತ್ತೀಚಿನ ವರ್ಷಗಳಲ್ಲಿ ಗುತ್ತಿಗೆ ಗ್ರೀನ್ ಕಿಂಗ್ ಬಿಯರ್ ಕಂಪನಿಯದು. ಕೋಚಿನ ಪ್ರಯಾಣಿಕರ ಕೋಣೆ ಈಗ ಪಾರ್ಲಿಮೆಂಟ್ ಬಾರ್, ಕಾಫಿ ರೂಮ್ ನಡುವಿನ ಬಾರ್, ಗ್ಯಾಲರಿಯ ಮೇಲಿನ ಮಲಗುಕೋಣೆಗಳು ಊಟದ ಕೋಣೆಗಳು. ಅಂಗಳದಲ್ಲಿ ಬಂಡಿಗಳ ಬದಲು ಬೆಂಚುಗಳಿವೆ. 20ನೆಯ ಶತಮಾನದಲ್ಲಿ ಬೇಸಿಗೆಯ ದಿನಗಳಲ್ಲಿ ಇಲ್ಲಿ ಷೇಕ್ಸ್‌ಪಿಯರ್ ನಾಟಕಗಳನ್ನು ಆಡುವ ರೂಢಿಯೂ ಬೆಳೆಯಿತು. ಉಳಿದ ಇನ್‌ಗಳು ವೈಟ್ ಹಾರ್ಟ್ ಯಾರ್ಡ್, ಕಿಂಗ್ಸ್ ಹೆಡ್ ಯಾರ್ಡ್ ಎಂಬ ಓಣಿಗಳ ಹೆಸರಿನಲ್ಲಷ್ಟೇ ಇವೆ. ಟ್ಯಾಬರ್ಡ್ ಇದ್ದ ಟಾಲ್ಬಟ್ ಯಾರ್ಡ್‌ನಲ್ಲಿ ಅದರ ನೆನಪಿನ ನೀಲಿ ಫಲಕವನ್ನು 2003ರಲ್ಲಿ ನಟ ಹಾಗೂ ಚಾಸರ್ ವಿದ್ವಾಂಸ ಟೆರ್ರಿ ಜೋನ್ಸ್ ಅನಾವರಣ ಮಾಡಿದರು.